ಓದುಗರ ಪ್ರಶ್ನೆ, ಅಚ್ಚುಕೂಟದ ಉತ್ತರ: ಸವೆದ ಅಕ್ಷರಗಳ ಸಹವಾಸ

ಹಳೇ ಪುಸ್ತಕದ ಹಾಳೆಯಿಂದ ಎತ್ತಿ ತಂದಂತೆ ಕಾಣುವ ಇಂಗ್ಲಿಷ್ ಸೆರಿಫ್ ಫಾಂಟುಗಳು ಈಗ ಮದುವೆ ಕಾರ್ಡು, ಕಾಫಿಪುಡಿ ಪೊಟ್ಟಣ, ಹೋಟೆಲ್ ಮೆನು ಎಲ್ಲ ಕಡೆ ಕಾಣುತ್ತವೆ. ಸೆರಿಫ್ ಎಂದರೆ ಅಕ್ಷರದ ಗೆರೆ ಮುಗಿಯುವಲ್ಲಿ ಮೂಡುವ ಪುಟ್ಟ ಪಾದ. ಅದರ ಅಂಚು ಸವೆದಂತೆ, ಮಸಿ ಹರಡಿದಂತೆ ಬರೆದದ್ದು ಈ ಜಾತಿ. ಈ ಬಗ್ಗೆ ಬಂದ ಪ್ರಶ್ನೆಗಳಿಗೆ ಅಕ್ಷರ ವಿನ್ಯಾಸ, ಆಫ್‌ಸೆಟ್ ಮತ್ತು ಸ್ಕ್ರೀನ್ ಪ್ರಿಂಟಿಂಗ್ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ‘ಕ್ಯಾಸ್ಲಾನ್ ಆಂಟಿಕ್’ ಅನ್ನೋ ಫಾಂಟು 300 ವರ್ಷ ಹಳೆಯದು ಅಂತ ಗಿರಾಕಿಗಳಿಗೆ ಹೇಳ್ತಾ ಬಂದಿದ್ದೀನಿ. ಸರೀನಾ? (ದಾವಣಗೆರೆಯ ಡಿಟಿಪಿ ಅಂಗಡಿಯವರು)

ಇನ್ನು ಮುಂದೆ ಹೇಳಬೇಡಿ. ಹೆಸರಿನಲ್ಲಿ ಕ್ಯಾಸ್ಲಾನ್ ಇದೆ, ಫಾಂಟಿನಲ್ಲಿ ಇಲ್ಲ. ವಿಲಿಯಂ ಕ್ಯಾಸ್ಲಾನ್ (1692–1766) ಲಂಡನ್ನಿನಲ್ಲಿ ಅಚ್ಚಿನ ಮೊಳೆ (ಲೋಹದ ಅಕ್ಷರ) ಎರಕ ಹೊಯ್ಯುತ್ತಿದ್ದವನು. 1734ರಲ್ಲಿ ತನ್ನ ಅಕ್ಷರಗಳ ಮಾದರಿ ಹಾಳೆ ಹೊರತಂದ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಫಿಲಡೆಲ್ಫಿಯಾದ ಜಾನ್ ಡನ್ಲಪ್ ಮೊದಲು ಅಚ್ಚು ಹಾಕಿದ್ದು ಇವನ ಅಕ್ಷರಗಳಲ್ಲೇ. ಆದರೆ ‘ಕ್ಯಾಸ್ಲಾನ್ ಆಂಟಿಕ್’ ಹುಟ್ಟಿದ್ದು 1890ರ ದಶಕದಲ್ಲಿ, ಅಮೆರಿಕದ ಷಿಕಾಗೊದಲ್ಲಿ. ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಎರಕದ ಕಂಪನಿಗಾಗಿ ಬರ್ನ್ ನಡಾಲ್ ಬರೆದದ್ದು. ಆಗ ಅದರ ಹೆಸರು ‘ಫಿಫ್ಟೀನ್ತ್ ಸೆಂಚುರಿ’. ಆ ಹೆಸರು ಮಾರುಕಟ್ಟೆಯಲ್ಲಿ ಅಷ್ಟಾಗಿ ಓಡಲಿಲ್ಲವೇನೋ, ಮುಂದೆ ಕ್ಯಾಸ್ಲಾನ್ ಹೆಸರು ಅಂಟಿಸಿದರು. ಅಂದರೆ ಹುಟ್ಟುವಾಗಲೇ ಮುದುಕನ ವೇಷ. ಗಿರಾಕಿಗೆ ‘ಹಳೇ ಶೈಲಿಯದು’ ಅನ್ನಿ, ಸಾಕು.

ಇನ್ನೊಂದು ಎಚ್ಚರ: ‘ಆಂಟಿಕ್’ ಎಂದು ಹುಡುಕಿದರೆ ಸಿಗುವುದೆಲ್ಲ ಇದೇ ಜಾತಿಯಲ್ಲ. 19ನೇ ಶತಮಾನದ ಇಂಗ್ಲಿಷ್ ಎರಕದವರು ಹಲಗೆಯಂಥ ದಪ್ಪ ಪಾದದ ಅಕ್ಷರಕ್ಕೆ ‘ಆಂಟಿಕ್’ ಅನ್ನುತ್ತಿದ್ದರು. ಫ್ರೆಂಚರು ಪಾದವೇ ಇಲ್ಲದ ಅಕ್ಷರಕ್ಕೆ ಅದೇ ಮಾತು ಬಳಸಿದರು. ‘ಆಂಟಿಕ್ ಆಲಿವ್’ ಡೌನ್‌ಲೋಡ್ ಮಾಡಿಕೊಂಡು ‘ಇದೇನು ಹಳೇದೇ ಕಾಣಲ್ಲವಲ್ಲ’ ಅನ್ನುವವರು ಸಿಗುವುದು ಇದರಿಂದಲೇ.

ಪ್ರಶ್ನೆ: ಹಳೇ ಪುಸ್ತಕದ ಅಕ್ಷರ ನಿಜಕ್ಕೂ ಹಾಗೆ ಕಾಣುವುದು ಯಾಕೆ? ಒಳ್ಳೆಯ ನಕಲು ಯಾವುದು, ಕೆಟ್ಟದ್ದು ಯಾವುದು ಅಂತ ಗುರುತಿಸುವುದು ಹೇಗೆ? (ಮೈಸೂರಿನ ಕಲಾ ವಿದ್ಯಾರ್ಥಿನಿ)

ಅಚ್ಚಿನ ಮೊಳೆ ಅಂದರೆ ಸೀಸ, ಆಂಟಿಮೊನಿ, ತವರ ಬೆರೆಸಿ ಹೊಯ್ದ ಕಡ್ಡಿ. ಸೀಸ ಮೆದು, ಆಂಟಿಮೊನಿ ಅದಕ್ಕೆ ಗಟ್ಟಿತನ ಕೊಡುತ್ತದೆ. ಎಷ್ಟೇ ಗಟ್ಟಿ ಮಾಡಿದರೂ ಸಾವಿರಾರು ಹಾಳೆ ಒತ್ತಿದ ಮೇಲೆ ಮೊದಲು ಸವೆಯುವುದು ತೆಳು ಗೆರೆ ಮತ್ತು ಪಾದದ ತುದಿ. ಇಂಗ್ಲಿಷ್ ಪದ್ಧತಿಯಲ್ಲಿ ಮೊಳೆಯ ಎತ್ತರ 0.918 ಇಂಚು. ಸವೆದ ಮೊಳೆ ಕೂದಲೆಳೆಯಷ್ಟು ಗಿಡ್ಡವಾದರೂ ಪಕ್ಕದ ಹೊಸ ಮೊಳೆ ಕಪ್ಪಾಗಿ, ಇದು ಮಂಕಾಗಿ ಬೀಳುತ್ತದೆ. ಕಂಪಾಜಿಟರು ಒಂದೇ ಖಾನೆಯಿಂದ ಹಳೆಯದು ಹೊಸದು ಎರಡನ್ನೂ ಎತ್ತಿ ಜೋಡಿಸುತ್ತಿದ್ದುದರಿಂದ ಒಂದೇ ಸಾಲಿನಲ್ಲಿ ಮೂರು ಥರದ ಇಂಗ್ಲಿಷ್ ‘ಇ’ (e) ಇರುತ್ತಿತ್ತು.

ಇನ್ನು ಕಾಗದ. ಕೈಯಲ್ಲಿ ಮಾಡಿದ ಒರಟು ಹಾಳೆಯನ್ನು ಒದ್ದೆ ಮಾಡಿ ಒತ್ತುತ್ತಿದ್ದರು. ಮೊಳೆ ಹಾಳೆಯೊಳಕ್ಕೆ ಇಳಿಯುತ್ತದೆ, ಮಸಿ ನಡುವಿನಿಂದ ಅಂಚಿನ ಕಡೆಗೆ ತಳ್ಳಲ್ಪಡುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚಿಗೆ ಕಡುಗಪ್ಪು ಗೆರೆ, ಒಳಗೆ ತುಸು ತಿಳಿ. ಮೂಲೆಗಳೆಲ್ಲ ದುಂಡಗಾಗಿರುತ್ತವೆ. ‘ಇ’ಯ ಕಿರಿದಾದ ಕಣ್ಣು, ‘ಎ’ಯ (a) ಹೊಟ್ಟೆ ಮಸಿ ಕಟ್ಟಿ ಅರ್ಧ ಮುಚ್ಚಿರುತ್ತವೆ.

ಇದನ್ನು ತಿಳಿದರೆ ನಕಲನ್ನು ಗುರುತಿಸುವುದು ಸುಲಭ. ಪುಸ್ತಕದ ಅಕ್ಷರದಲ್ಲಿ ಏರುಪೇರು ಇರುವುದು ಅಂಚಿನಲ್ಲಿ. ಗೆರೆಯ ಒಳಗೆ ಬಿಸಿಲಿಗೆ ಬಿರಿದ ಕೆರೆಯಂಗಳದ ಥರ ಬಿರುಕು ಇರುವುದಿಲ್ಲ. ಆ ಬಿರುಕು, ಆ ಉದ್ದುದ್ದ ಗೀರು ಮರದ ಅಕ್ಷರದ್ದು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಯಂತ್ರದಲ್ಲಿ ಮರದ ಅಕ್ಷರ ಕೊರೆಯುವ ದಾರಿ ತೆರೆದ ಮೇಲೆ ಪೋಸ್ಟರುಗಳಿಗೆ ಅದು ಬಂತು. ಮರದ ನಾರು, ಏಟು ಬಿದ್ದ ತಗ್ಗು ಎಲ್ಲ ಅದರಲ್ಲಿ ಮೂಡುತ್ತದೆ. ಪೋಸ್ಟರಿನ ಬಿರುಕನ್ನು ತಂದು ಪುಸ್ತಕದ ಅಕ್ಷರದ ಮೇಲೆ ಹೊದಿಸಿದ ಫಾಂಟುಗಳೇ ಮಾರುಕಟ್ಟೆಯಲ್ಲಿ ಹೆಚ್ಚು. ನಮ್ಮ ಮಟ್ಟಿಗೆ ಅವು ಕೆಟ್ಟ ನಕಲು.

ಒಳ್ಳೆಯದನ್ನು ನೋಡಬೇಕೆಂದರೆ ಇಗಿನೊ ಮರಿನಿ ಡಿಜಿಟಲ್‌ಗೆ ತಂದ ‘ಐಎಂ ಫೆಲ್’ ಸರಣಿ ತೆಗೆದು ನೋಡಿ. 17ನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ಬಿಷಪ್ ಜಾನ್ ಫೆಲ್ ಕೂಡಿಸಿ, ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಮೊಳೆಗಳ ರೂಪ ಅದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ‘ಇಂಗ್ಲಿಷ್’, ‘ಡಿಡಬ್ಲ್ಯೂ ಪೈಕಾ’, ‘ಗ್ರೇಟ್ ಪ್ರೈಮರ್’, ‘ಡಬಲ್ ಪೈಕಾ’, ‘ಫ್ರೆಂಚ್ ಕ್ಯಾನನ್’ ಎಂಬ ಹೆಸರುಗಳು ಹಳೇ ಕಾಲದ ಮೊಳೆ ಅಳತೆಯವು. ಹೆಸರಿಗೆ ತಕ್ಕ ಗಾತ್ರದಲ್ಲೇ ಬಳಸಿ: ಡಿಡಬ್ಲ್ಯೂ ಪೈಕಾ 12 ಪಾಯಿಂಟಿನ ಆಸುಪಾಸಿಗೆ, ಫ್ರೆಂಚ್ ಕ್ಯಾನನ್ ದೊಡ್ಡ ಶೀರ್ಷಿಕೆಗೆ. ತಿರುಗಾಮುರುಗಾ ಮಾಡಿದರೆ ಒಂದು ಒರಟಾಗಿ, ಇನ್ನೊಂದು ಸಪ್ಪೆಯಾಗಿ ಕಾಣುತ್ತದೆ.

ಪ್ರಶ್ನೆ: ಕಾಫಿಪುಡಿ ಪೊಟ್ಟಣಕ್ಕೆ ಸವೆದ ಫಾಂಟಿನಲ್ಲಿ ಇಂಗ್ಲಿಷ್ ಹೆಸರು ಹಾಕಿಸಿದೆವು. ಏನೋ ಕೃತಕ ಅನ್ನಿಸುತ್ತೆ, ಯಾಕೆ ಅಂತ ಗೊತ್ತಾಗ್ತಿಲ್ಲ. ಕೆಳಗಿನ ಸಣ್ಣ ಅಕ್ಷರವಂತೂ ಕೊಳಕು ಮೆತ್ತಿದ ಹಾಗಿದೆ. (ಚಿಕ್ಕಮಗಳೂರು)

‘ಕಾಫಿ’ಯ ಇಂಗ್ಲಿಷ್ ಸ್ಪೆಲಿಂಗನ್ನೇ ನೋಡಿ. ಎರಡು ಎಫ್ ಅಕ್ಕಪಕ್ಕ, ಎರಡು ಇ ಅಕ್ಕಪಕ್ಕ. ಮೊದಲ ಎಫ್‌ನ ಅಡ್ಡಗೆರೆಯಲ್ಲಿ ಎಲ್ಲಿ ತೂತಿದೆಯೋ ಎರಡನೆಯದರಲ್ಲೂ ಅಲ್ಲೇ ತೂತು. ನಿಜವಾದ ಮೊಳೆಗಳು ಒಂದೇ ಜಾಗದಲ್ಲಿ ಒಂದೇ ಥರ ಸವೆಯುವುದಿಲ್ಲ. ಕಣ್ಣಿಗೆ ಅದು ಗೊತ್ತು, ಬಾಯಿಗೆ ಹೇಳಲು ಬಾರದು ಅಷ್ಟೆ.

ಪರಿಹಾರ ಮೂರು ಹಂತದಲ್ಲಿದೆ. ಮೊದಲು ಫಾಂಟಿನಲ್ಲೇ ಪರ್ಯಾಯ ರೂಪ ಇದೆಯೇ ನೋಡಿ. ಇಲಸ್ಟ್ರೇಟರ್ ಅಥವಾ ಇನ್‌ಡಿಸೈನ್‌ನಲ್ಲಿ ‘ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್’ ಆನ್ ಮಾಡಿದರೆ ಕೆಲವು ಫಾಂಟುಗಳು ಎರಡನೇ ಅಕ್ಷರಕ್ಕೆ ತಾವೇ ಬೇರೆ ರೂಪ ಕೊಡುತ್ತವೆ. ಬರೀ ಕ್ಯಾಪಿಟಲ್ ಇರುವ ಫಾಂಟಾದರೆ ಸ್ಮಾಲ್ ಕೀಲಿಯಲ್ಲಿ ಅದೇ ಅಕ್ಷರದ ಇನ್ನೊಂದು ಸವೆತ ಅಡಗಿಸಿಟ್ಟಿರುತ್ತಾರೆ. ಶಿಫ್ಟ್ ಒತ್ತಿ ಒಂದು ಎಫ್, ಬಿಟ್ಟು ಇನ್ನೊಂದು ಎಫ್ ಹೊಡೆದು ನೋಡಿ.

ಅದಿಲ್ಲದಿದ್ದರೆ ಅಕ್ಷರವನ್ನು ಕರ್ವ್‌ಗೆ ಕನ್ವರ್ಟ್ ಮಾಡಿ, ಅಂದರೆ ಫಾಂಟಿನಿಂದ ಬಿಡಿಸಿ ಬರೀ ಗೆರೆಯ ಚಿತ್ರವಾಗಿಸಿ, ಕೈಯಿಂದ ತಿದ್ದಬೇಕು. ಎರಡನೇ ಎಫ್‌ನ ಒಂದು ತೂತು ಮುಚ್ಚಿ, ಬೇರೆಡೆ ಅಂಚನ್ನು ಒಂದು ಕಡೆ ಕಚ್ಚಿಸಿ, ಅಕ್ಷರವನ್ನು ಅರ್ಧದಿಂದ ಒಂದು ಡಿಗ್ರಿ ವಾಲಿಸಿ, 0.2–0.3 ಪಾಯಿಂಟು ಕೆಳಗಿಳಿಸಿ. ಅದಕ್ಕಿಂತ ಹೆಚ್ಚು ಬೇಡ, ಹಲ್ಲು ಸಡಿಲವಾದ ಬಾಯಿಯ ಹಾಗೆ ಕಾಣುತ್ತದೆ. ‘ಓ’ ಆದರೆ ಇನ್ನೂ ಸುಲಭ: 180 ಡಿಗ್ರಿ ತಿರುಗಿಸಿ. ಆದರೆ ಕನ್ನಡಿಯಂತೆ ಮಗುಚಬೇಡಿ. ಹಳೇ ಸೆರಿಫ್‌ನಲ್ಲಿ ‘ಓ’ದ ದಪ್ಪ ಓರೆಯಾಗಿ ವಾಲಿರುತ್ತದೆ. ತಿರುಗಿಸಿದರೆ ಆ ವಾಲು ಹಾಗೇ ಉಳಿಯುತ್ತದೆ, ಮಗುಚಿದರೆ ಉಲ್ಟಾ ಆಗುತ್ತದೆ. ‘ಎಸ್’ ತಿರುಗಿಸಲೇಬೇಡಿ; ಅದರ ಕೆಳಹೊಟ್ಟೆ ದೊಡ್ಡದು, ತಲೆಕೆಳಗಾದದ್ದು ಥಟ್ಟನೆ ಕಾಣುತ್ತದೆ.

ಸಣ್ಣ ಅಕ್ಷರದ ಲೆಕ್ಕ ಹೀಗಿದೆ. 72 ಪಾಯಿಂಟಿನಲ್ಲಿ 0.4 ಮಿ.ಮೀ. ಇರುವ ತೂತು 10 ಪಾಯಿಂಟಿಗೆ ಇಳಿಸಿದಾಗ 0.055 ಮಿ.ಮೀ. ಆಗುತ್ತದೆ. ಅದು ಮಸಿಯಲ್ಲಿ ಮುಚ್ಚಿಹೋಗುತ್ತದೆ ಅಥವಾ ಅಲ್ಲಲ್ಲಿ ಉಳಿದು ಕೊಳೆಯಂತೆ ಕಾಣುತ್ತದೆ. ಗಟ್ಟಿ ಸವೆತದ ಫಾಂಟನ್ನು 24 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ. ಬೆಲೆ, ನಿವ್ವಳ ತೂಕ, ತಯಾರಿಸಿದ ದಿನ, ಪದಾರ್ಥಗಳ ಪಟ್ಟಿ ಇವಕ್ಕೆ ಈ ಫಾಂಟು ಹತ್ತಿರವೂ ಸುಳಿಯಬಾರದು. ಪೊಟ್ಟಣದ ಮೇಲಿನ ಕಡ್ಡಾಯ ಮಾಹಿತಿ ಸ್ಪಷ್ಟವಾಗಿ ಓದಲು ಬರಬೇಕು, ಅಂಕಿಗಳಿಗೆ ಕನಿಷ್ಠ ಎತ್ತರವನ್ನೂ ಕಾನೂನು ಗೊತ್ತುಮಾಡಿದೆ.

ಕಡುಬಣ್ಣದ ಮೇಲೆ ಬಿಳಿ ಅಕ್ಷರ ಬಿಡುವುದಾದರೆ ಎರಡು ಮೂರು ಪಾಯಿಂಟು ದೊಡ್ಡದು ಮಾಡಿ. ಸುತ್ತಲ ಮಸಿ ಒಳಕ್ಕೆ ಹರಿದು ತೆಳು ಗೆರೆಯನ್ನು ನುಂಗುತ್ತದೆ. ‘ಬೋಲ್ಡ್’ ಗುಂಡಿಯನ್ನೂ ಒತ್ತಬೇಡಿ: ಇಂಥ ಫಾಂಟುಗಳಿಗೆ ಸಾಮಾನ್ಯವಾಗಿ ಬೇರೆ ಬೋಲ್ಡ್ ಇರುವುದಿಲ್ಲ, ಸಾಫ್ಟ್‌ವೇರ್ ಸುತ್ತ ಗೆರೆ ಬಳಿದು ದಪ್ಪ ಮಾಡುತ್ತದೆ, ನೀವು ದುಡ್ಡು ಕೊಟ್ಟು ಕೊಂಡ ಸವೆತವೆಲ್ಲ ಮುಚ್ಚಿಹೋಗುತ್ತದೆ.

ಪ್ರಶ್ನೆ: ಕನ್ನಡ ಅಕ್ಷರಕ್ಕೆ ಇದೇ ಹಳೇ ಅಚ್ಚಿನ ರೂಪ ಕೊಡುವುದು ಹೇಗೆ? ಮದುವೆ ಕಾರ್ಡಿನಲ್ಲಿ ಇಂಗ್ಲಿಷ್ ಪಕ್ಕ ಕನ್ನಡ ತೀರಾ ಹೊಸದಾಗಿ ಕಾಣುತ್ತೆ. (ಶಿರಸಿ)

ಕನ್ನಡಕ್ಕೆ ಸಿದ್ಧ ಫಾಂಟು ಹುಡುಕುತ್ತಾ ಕೂರುವುದಕ್ಕಿಂತ ಶೀರ್ಷಿಕೆಯೊಂದನ್ನೇ ನೀವೇ ಸವೆಸುವುದು ಜಾಣತನ. ದಪ್ಪ ತೆಳು ವ್ಯತ್ಯಾಸ ಇರುವ ಯೂನಿಕೋಡ್ ಫಾಂಟು ಆರಿಸಿ. ಮೂರ್ತಿ ಕ್ಲಾಸಿಕಲ್ ಲೈಬ್ರರಿ ಎಂಬ ಪುಸ್ತಕಮಾಲೆಗಾಗಿ ರೂಪುಗೊಂಡ ಸರಣಿಯ ‘ಟಿರೊ ಕನ್ನಡ’ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಉಚಿತವೂ ಹೌದು. ಗೆರೆಯೆಲ್ಲ ಒಂದೇ ದಪ್ಪ ಇರುವ ಫಾಂಟನ್ನು ಎಷ್ಟು ಸವೆಸಿದರೂ ಅದು ಹಳತಾಗುವುದಿಲ್ಲ, ಬರೀ ಹಾಳಾದಂತೆ ಕಾಣುತ್ತದೆ.

ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕೆ) ಹಾಳೆ ತೆರೆದು, ಬಿಳಿಯ ಮೇಲೆ ಕಪ್ಪಾಗಿ, 60 ಪಾಯಿಂಟಿನಲ್ಲಿ ಹೆಸರು ಬರೆಯಿರಿ. ಪದರಗಳನ್ನು ಒಂದು ಮಾಡಿ. ‘ನಾಯ್ಸ್’ ಪಟ್ಟಿಯ ‘ಸ್ಪ್ರೆಡ್’ ಫಿಲ್ಟರನ್ನು 3 ಪಿಕ್ಸೆಲ್ ಅಡ್ಡ, 3 ಪಿಕ್ಸೆಲ್ ಉದ್ದಕ್ಕೆ ಹಾಕಿ, ಅಂಚು ಪುಡಿಪುಡಿಯಾಗುತ್ತದೆ. ಆಮೇಲೆ ‘ಗಾಸಿಯನ್ ಬ್ಲರ್’ 4 ಪಿಕ್ಸೆಲ್. ಕೊನೆಗೆ ‘ಥ್ರೆಶೋಲ್ಡ್’. ಮಸುಕು ಹೋಗಿ, ಮೂಲೆ ದುಂಡಾಗಿ, ಮಸಿ ಹರಡಿದ ಅಂಚು ಉಳಿಯುತ್ತದೆ. ಥ್ರೆಶೋಲ್ಡ್ ಅಂಕಿ ಏರಿಸಿದರೆ ಅಕ್ಷರ ದಪ್ಪ, ಮಸಿ ಜಾಸ್ತಿ ಆದಂತೆ. ಇಳಿಸಿದರೆ ತೆಳು, ಮಸಿ ಒಣಗಿದಂತೆ. 110ರಿಂದ 140ರ ನಡುವೆ ಆಡಿಸಿ ನೋಡಿ. ಮುಕ್ಕಾಲು ಪಾಲು ಕೆಲಸ ಇಷ್ಟಕ್ಕೇ ಮುಗಿಯುತ್ತದೆ.

ಇನ್ನೂ ಸ್ವಲ್ಪ ಮಂಕು ಬೇಕಾದರೆ ರಬ್ಬರ್ ರೋಲರಿಗೆ ಮಸಿ ಹಚ್ಚಿ ಒರಟು ಕಾಗದದ ಮೇಲೆ ಒಮ್ಮೆ ಉರುಳಿಸಿ, ಒಣಗಿದ ಮೇಲೆ ಸ್ಕ್ಯಾನ್ ಮಾಡಿ, ಅದನ್ನೂ ಥ್ರೆಶೋಲ್ಡ್ ಮಾಡಿ ಅಕ್ಷರದ ಮೇಲಿನ ಪದರವಾಗಿಟ್ಟು ‘ಸ್ಕ್ರೀನ್’ ಮೋಡ್ ಕೊಡಿ. ಆ ಹಾಳೆಯ ಬಿಳಿ ಚುಕ್ಕೆಗಳು ಮಾತ್ರ ಕಪ್ಪು ಅಕ್ಷರದಲ್ಲಿ ತೂತಾಗಿ ಬೀಳುತ್ತವೆ. ಇಡೀ ಸಾಲಿಗೆ ಒಂದೇ ಹೊದಿಕೆ ಆದ್ದರಿಂದ ಎರಡು ‘ರ’ ಒಂದೇ ಥರ ಸವೆಯುವ ತೊಂದರೆಯೂ ಇಲ್ಲ.

ಆದರೆ ಕನ್ನಡಕ್ಕೇ ಮೀಸಲಾದ ಒಂದು ಅಪಾಯ ಇದೆ. ನಮ್ಮ ಲಿಪಿಯಲ್ಲಿ ಒಂದು ಚುಕ್ಕೆ, ಒಂದು ಸೀಳು ಅಕ್ಷರವನ್ನೇ ಬದಲಿಸುತ್ತದೆ. ‘ರ’ದ ಹೊಟ್ಟೆಯಲ್ಲಿ ಮಸಿಚುಕ್ಕೆ ಉಳಿದರೆ ‘ಠ’, ‘ಧ’ದಲ್ಲಿ ಉಳಿದರೆ ‘ಥ’. ‘ಧ’ದ ಕೆಳಗಿನ ಸೀಳು ಮುಚ್ಚಿಕೊಂಡರೆ ‘ದ’. ಅಂದರೆ ನಿಮ್ಮ ಕಾರ್ಡಿನ ‘ವಧು’ ‘ವಥು’ವೋ ‘ವದು’ವೋ ಆಗಿ, ‘ವರ’ ‘ವಠ’ ಆಗಿ ಮಂಟಪಕ್ಕೆ ಬರಬಹುದು! ಆದ್ದರಿಂದ ಅಕ್ಷರದ ಹೊಟ್ಟೆಯೊಳಗಿನ ಒಂಟಿ ಚುಕ್ಕೆಗಳನ್ನೆಲ್ಲ ಬಿಳಿ ಬ್ರಷ್‌ನಲ್ಲಿ ಅಳಿಸಿ, ಮಹಾಪ್ರಾಣದ ಸೀಳುಗಳನ್ನೆಲ್ಲ ಚೂಪಾಗಿ ಬಿಡಿಸಿ. ‘ಪ’ ಮತ್ತು ‘ಷ’ವನ್ನೂ ಒಮ್ಮೆ ನೋಡಿಕೊಳ್ಳಿ, ‘ಷ’ದ ಒಳಗೆರೆ ತುಂಡಾದರೆ ‘ಪ’ ಎಂದೇ ಓದಿಸಿಕೊಳ್ಳುತ್ತದೆ. ಒತ್ತಕ್ಷರಗಳ ಗೆರೆ ಮೂಲಾಕ್ಷರಕ್ಕಿಂತ ತೆಳು. ಅವುಗಳ ಮೇಲೆ ಮಂಕು ಹೊದಿಕೆಯನ್ನು ಅರ್ಧದಷ್ಟು ಅಳಿಸಿಬಿಡಿ.

ಇಂಗ್ಲಿಷ್ ಜೊತೆ ಹೊಂದಿಸುವಾಗ: ಐಎಂ ಫೆಲ್‌ನ ಸ್ಮಾಲ್ ಅಕ್ಷರಗಳು ಗಿಡ್ಡ, ಹಾಗಾಗಿ ಇಂಗ್ಲಿಷ್ 24 ಪಾಯಿಂಟು ಇದ್ದರೆ ಕನ್ನಡವನ್ನು 20ರ ಆಸುಪಾಸಿನಿಂದ ಶುರು ಮಾಡಿ ಕಣ್ಣಳತೆಯಲ್ಲಿ ಏರಿಸಿ. ಸಾಲಿನ ಅಂತರ ಕನ್ನಡದ ಒತ್ತನ್ನು ನೋಡಿ ಇಡಬೇಕು, ಇಂಗ್ಲಿಷನ್ನು ನೋಡಿ ಅಲ್ಲ. 20 ಪಾಯಿಂಟಿಗೆ 30 ಬೇಕಾದೀತು.

ಚಿನ್ನದ ಫಾಯಿಲ್ ಹಾಕಿಸುವ ಯೋಚನೆ ಇದ್ದರೆ ಸವೆತವನ್ನು ಅಂಚಿಗೆ ಮಾತ್ರ ಇಡಿ. ತೂತು 0.3 ಮಿ.ಮೀ.ಗಿಂತ ಕಿರಿದಾದರೆ ಫಾಯಿಲ್ ಅದರ ಮೇಲೆ ಸೇತುವೆ ಕಟ್ಟಿ ಮುಚ್ಚಿಬಿಡುತ್ತದೆ. ಕಾಗದ ನ್ಯಾಚುರಲ್ ಶೇಡ್ ಮ್ಯಾಪ್‌ಲಿತೋ ಅಥವಾ ಕೈಕಾಗದ ಇರಲಿ. ಹೊಳೆಯುವ ಆರ್ಟ್ ಪೇಪರಿನ ಮೇಲೆ ಸವೆದ ಅಕ್ಷರ ವೇಷದ ಅಂಗಡಿಯಿಂದ ಬಂದಂತಿರುತ್ತದೆ. ಕಂದು ಮಸಿ ಬೇಕಾದರೆ ನಾಲ್ಕು ಬಣ್ಣ ಬೆರೆಸಿ ಮಾಡಬೇಡಿ, ತೆಳು ಗೆರೆಯಲ್ಲಿ ರಿಜಿಸ್ಟ್ರೇಷನ್ (ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು) ಕೂಡುವುದಿಲ್ಲ. ಒಂದೇ ಮಸಿಯಾಗಿ ಕಲಸಿಸಿ.

ಪ್ರಶ್ನೆ: ನಮ್ಮೂರ ಹಳೇ ಶಾಲೆಯ ಸ್ಮರಣ ಸಂಚಿಕೆಗೆ ‘ಮಂಗಳೂರ ಸಮಾಚಾರ’ದ ಕಾಲದ ಅಚ್ಚಿನ ರೂಪ ಬೇಕು. ಸವೆದ ಮೊಳೆಯ ಥರ ಮಾಡಬಹುದೇ? (ಪುತ್ತೂರು)

ಮಾಡಿದರೆ ಕಾಲ ತಪ್ಪುತ್ತದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಮೊಳೆಯೇ ಇಲ್ಲ. ಕೈಬರಹವನ್ನು ಕಲ್ಲಿಗೆ ಇಳಿಸಿ ಒತ್ತುತ್ತಾರೆ. ಹಾಳೆಯಲ್ಲಿ ತಗ್ಗು ಬೀಳುವುದಿಲ್ಲ, ಅಂಚಿಗೆ ಮಸಿ ತಳ್ಳಲ್ಪಡುವುದಿಲ್ಲ, ಪ್ರತಿ ಅಕ್ಷರವೂ ಬೇರೆ ಬೇರೆ. ಅದಕ್ಕೆ ಒಳ್ಳೆಯ ಕೈಬರಹದವರನ್ನು ಹಿಡಿದು ಶೀರ್ಷಿಕೆ ಬರೆಸಿ ಸ್ಕ್ಯಾನ್ ಮಾಡಿ. ಮೊಳೆ ಅಚ್ಚಿನದೇ ಬೇಕೆಂದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟಿನ ಪುಟಗಳನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಹೇಗೆ ಕೂತಿವೆ ಎಂಬುದನ್ನೂ ಅಲ್ಲೇ ನೋಡಬಹುದು. ಹಳೇ ಅಚ್ಚು ಎಂದರೆ ಹಾಳಾದ ಅಚ್ಚು ಅಲ್ಲ ಎಂಬುದೂ ಅಲ್ಲಿ ಕಾಣುತ್ತದೆ.

ಪ್ರಶ್ನೆ: ಬಟ್ಟೆ ಚೀಲದ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದಾಗ ಸವೆತದ ಚುಕ್ಕೆಗಳು ಅರ್ಧ ಬರ್ತವೆ, ಅರ್ಧ ಬರಲ್ಲ. ಎಕ್ಸ್‌ಪೋಷರ್ ತಪ್ಪೇ? (ಇಳಕಲ್)

ಎಕ್ಸ್‌ಪೋಷರ್‌ಗಿಂತ (ಬೆಳಕು ಬಿಡುವ ಹೊತ್ತಿಗಿಂತ) ಮೊದಲು ಮೆಷ್, ಅಂದರೆ ಸ್ಕ್ರೀನಿನ ಬಲೆ ನೋಡಿ. ಮೆಷ್‌ನ ಎರಡು ದಾರ, ಎರಡು ಸಂದು ಸೇರಿದ ಅಗಲಕ್ಕಿಂತ ಕಿರಿದಾದ ಚುಕ್ಕೆಗೆ ಹಿಡಿತ ಸಿಗುವುದಿಲ್ಲ, ತೊಳೆಯುವಾಗಲೇ ಉದುರಿಹೋಗುತ್ತದೆ. ಸೆಂಟಿಮೀಟರಿಗೆ 43 ದಾರದ ಮೆಷ್‌ನಲ್ಲಿ ಅದು ಸುಮಾರು 0.47 ಮಿ.ಮೀ.; 77 ದಾರದ್ದರಲ್ಲಿ 0.26 ಮಿ.ಮೀ. ಬಟ್ಟೆಗೆ 43 ಬಳಸುತ್ತಿದ್ದರೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಚುಕ್ಕೆ, ತೂತು, ಗೀರು ಯಾವುದೂ ಪಾಸಿಟಿವ್ ಫಿಲ್ಮಿನಲ್ಲಿ ಇರಬಾರದು. 600 ಡಿಪಿಐನಲ್ಲಿ ಅದು 12 ಪಿಕ್ಸೆಲ್. ಇಂಕ್‌ಸ್ಕೇಪ್‌ನ ‘ಟ್ರೇಸ್ ಬಿಟ್‌ಮ್ಯಾಪ್’ನಲ್ಲಿ ‘ಸ್ಪೆಕಲ್ಸ್’ ಅಂಕಿ ಏರಿಸಿದರೆ ಸಣ್ಣ ಚುಕ್ಕೆಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಒರಟು ಬಟ್ಟೆ ತಾನೇ ಒಂದಿಷ್ಟು ಸವೆತ ಕೊಡುತ್ತದೆ, ಅದರ ಪಾಲನ್ನು ಅದಕ್ಕೆ ಬಿಡಿ.

ಪ್ರಶ್ನೆ: ಹಳೇ ಶೈಲಿಯ ಫಾಂಟಿನಲ್ಲಿ ರೂಪಾಯಿ ಚಿಹ್ನೆ ಹೊಡೆದರೆ ಬರೀ ಚೌಕ ಬರುತ್ತೆ. ಫೋನ್ ನಂಬರೂ ಮೇಲೆ ಕೆಳಗೆ ಕುಣಿಯುತ್ತೆ. (ಉಡುಪಿಯ ಹೋಟೆಲಿನವರು)

ರೂಪಾಯಿ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕೂ ಮೊದಲಿನ ಫಾಂಟುಗಳಲ್ಲಿ ಅದು ಇರುವುದಿಲ್ಲ, ಆಮೇಲಿನ ಎಷ್ಟೋ ಫಾಂಟುಗಳಲ್ಲೂ ಇಲ್ಲ. ಆ ಒಂದು ಚಿಹ್ನೆಗೆ ಬೇರೆ ಸೆರಿಫ್ ಫಾಂಟು ಕೊಡಿ, ಇಲ್ಲವೇ ‘ರೂ.’ ಎಂದು ಕನ್ನಡದಲ್ಲೇ ಹಾಕಿ. ಮೆನುವಿನಲ್ಲಿ ಅದೇ ಚೆಂದ.

ಅಂಕಿ ಕುಣಿಯುವುದು ದೋಷವಲ್ಲ, ಹಳೇ ಪದ್ಧತಿ: 3, 4, 5, 7, 9 ಕೆಳಕ್ಕೆ ಜಾರುತ್ತವೆ, 6 ಮತ್ತು 8 ಮೇಲಕ್ಕೆ ಏರುತ್ತವೆ. ಕೆಲವು ಫಾಂಟುಗಳಲ್ಲಿ 1 ರೋಮನ್ ‘ಐ’ನಂತೆಯೇ ಇರುತ್ತದೆ, 0 ಪುಟ್ಟ ‘ಓ’ದಂತೆ. ವಾಕ್ಯದ ನಡುವೆ ಇಸವಿ ಬರೆಯಲು ಚೆನ್ನ, ಫೋನ್ ನಂಬರಿಗೆ ಅಲ್ಲ. ಫಾಂಟಿನಲ್ಲಿ ‘ಲೈನಿಂಗ್ ಫಿಗರ್ಸ್’ ಆಯ್ಕೆ ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ನಂಬರನ್ನು ಸಾದಾ ಫಾಂಟಿಗೆ ಬದಲಿಸಿ.

ಪ್ರಶ್ನೆ: ಉಚಿತವಾಗಿ ಸಿಕ್ಕ ಫಾಂಟನ್ನು ಕರ್ವ್ ಮಾಡಿಬಿಟ್ಟರೆ ಲೈಸೆನ್ಸಿನ ತಲೆನೋವು ಇಲ್ಲ ಅಂತಾರೆ, ನಿಜವೇ? (ಬೆಂಗಳೂರು)

ಸುಳ್ಳು. ‘ಪರ್ಸನಲ್ ಯೂಸ್ ಓನ್ಲಿ’ ಎಂದಿದ್ದರೆ ದುಡ್ಡು ತೆಗೆದುಕೊಂಡು ಮಾಡುವ ಯಾವ ಕೆಲಸಕ್ಕೂ ಬಳಸುವಂತಿಲ್ಲ, ಕರ್ವ್ ಮಾಡಿದರೂ ಅಷ್ಟೇ. ‘ಓಪನ್ ಫಾಂಟ್ ಲೈಸೆನ್ಸ್’ ಇದ್ದರೆ ಕಾರ್ಡು, ಲೇಬಲ್, ಪುಸ್ತಕ, ಲೋಗೊ ಎಲ್ಲಕ್ಕೂ ಧಾರಾಳವಾಗಿ ಬಳಸಿ. ಫಾಂಟನ್ನೇ ಬಿಡಿಯಾಗಿ ಮಾರಬಾರದು, ತಿದ್ದಿದ ಫಾಂಟನ್ನು ಹಂಚುವುದಾದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು, ಮೂಲ ಹೆಸರು ಕಾದಿರಿಸಿದ್ದರೆ ಹೆಸರನ್ನೂ ಬದಲಿಸಬೇಕು. ಜಿಪ್ ಫೈಲಿನೊಳಗಿನ ಲೈಸೆನ್ಸ್ ಕಡತವನ್ನು ಕೆಲಸದ ಫೋಲ್ಡರಿನಲ್ಲೇ ಇಟ್ಟಿರಿ.

ಪ್ರಶ್ನೆ: ಸವೆದ ಫಾಂಟಿನಲ್ಲಿ ಎರಡು ಪ್ಯಾರಾ ಇರುವ ಪಿಡಿಎಫ್ ಕಳಿಸಿದರೆ ಪ್ಲೇಟ್ ತೆಗೆಯುವ ಕಡೆ ಹ್ಯಾಂಗ್ ಆಗುತ್ತಂತೆ. ವಿನೈಲ್ ಕಟ್ಟರ್‌ನವರಂತೂ ಕೈ ಮುಗಿದರು. (ಬಳ್ಳಾರಿ)

ಸಾದಾ ‘ಓ’ಗೆ ಎಂಟು ಹತ್ತು ನೋಡ್ (ಗೆರೆಯನ್ನು ಹಿಡಿದಿಡುವ ಬಿಂದು) ಸಾಕು. ಸವೆದ ‘ಓ’ಗೆ 400 ಇದ್ದರೂ ಆಶ್ಚರ್ಯವಿಲ್ಲ. 1,500 ಅಕ್ಷರದ ಬರಹವನ್ನು ಕರ್ವ್ ಮಾಡಿದರೆ 6 ಲಕ್ಷ ನೋಡ್ ಆಯಿತು. ಕರ್ವ್ ಮಾಡದೆ ಫಾಂಟನ್ನು ಪಿಡಿಎಫ್‌ನೊಳಗೇ ಎಂಬೆಡ್ ಮಾಡಿದರೆ ಒಂದು ಅಕ್ಷರದ ರೂಪ ಒಮ್ಮೆ ಮಾತ್ರ ದಾಖಲಾಗುತ್ತದೆ, ಫೈಲು ಹಗುರ. ಪ್ರೆಸ್ಸಿನವರು ಒಪ್ಪದಿದ್ದರೆ ಆ ಭಾಗವನ್ನು 1200 ಡಿಪಿಐನಲ್ಲಿ, ಬೂದುಬಣ್ಣವಿಲ್ಲದ 1 ಬಿಟ್ ಟಿಫ್ ಮಾಡಿ ಕೂರಿಸಿ. 5 ಇಂಚು ಅಗಲ 3 ಇಂಚು ಎತ್ತರದ ಚೌಕಟ್ಟಿಗೆ 2.7 ಎಂಬಿಯಷ್ಟೇ ಆಗುತ್ತದೆ.

ವಿನೈಲ್ ಕಟ್ಟರ್‌ನವರು ಕೈ ಮುಗಿದದ್ದು ಸರಿಯೇ. ಬ್ಲೇಡು ಪ್ರತಿ ತೂತಿನ ಸುತ್ತ ತಿರುಗಬೇಕು, ಆಮೇಲೆ ಆ ಚೂರುಗಳನ್ನು ಒಂದೊಂದಾಗಿ ಸೂಜಿಯಲ್ಲಿ ಕೀಳಬೇಕು. ಕೀಳುವಾಗ ಪಕ್ಕದ ಪಾದವೂ ಎದ್ದುಬರುತ್ತದೆ. ಬೋರ್ಡಿಗೆ ಅದೇ ಮನೆತನದ ಸವೆಯದ ಸೆರಿಫ್ ಕೊಡಿ, ಇಲ್ಲವೇ ಕಟ್ ಮಾಡಿಸುವ ಬದಲು ವಿನೈಲ್ ಶೀಟಿನ ಮೇಲೆ ಪ್ರಿಂಟ್ ಹಾಕಿಸಿ ಅಂಟಿಸಿ.